ಕಾರಿನ ಹಿಂದಿನ ಮೀನು

ಕಳೆದ ಬೇಸಿಗೆಯಲ್ಲಿ ಡಲ್ಲಾಸಿನಿಂದ ಹ್ಯೂಸ್ಟನ್ ಬಳಿಯ ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಸಂಸಾರ ಸಮೇತ ಹೊರಟಿದ್ದೆವು. ಐ-45ರಲ್ಲಿ ನಾಲ್ಕು ಗಂಟೆಯ ದಾರಿ. ಹಂಟ್ಸ್‌ವಿಲ್ ಬರುವ ಮೊದಲೇ ಪುಳಿಯೋಗರೆ ಡಬ್ಬಿ ಖಾಲಿ. ಮುಂದಿನ ಕಾರಿನ ಹಿಂಬದಿಗೆ ಅಂಟಿಸಿದ್ದ ಬೆಳ್ಳಿ ಬಣ್ಣದ ಮೀನನ್ನು ನೋಡಿ ಎಂಟು ವರ್ಷದ ಮಗ, "ಅಮ್ಮಾ, ಅವರದೂ ಮತ್ಸ್ಯಾವತಾರವಾ?" ಎಂದ.

ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದ: ಶಾಲೆಯಲ್ಲಿ ಒಬ್ಬ ಹುಡುಗ, "ನೀವು ಪ್ರಾಣಿಗಳನ್ನು ಪೂಜಿಸುತ್ತೀರಂತೆ" ಎಂದು ಅಣಕಿಸಿದನಂತೆ. ಅಂದಿನಿಂದ ತನ್ನ ಶಾಲೆಯ ಬ್ಯಾಗಿನಲ್ಲಿದ್ದ ಪುಟ್ಟ ಗಣಪನನ್ನು ತೆಗೆದು ಮೇಜಿನ ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದಾನೆ. ನನ್ನ ಕರುಳು ಚುರ್ ಎಂದಿತು.

ಮನೆಗೆ ಮರಳಿ ಆಸ್ಟಿನ್‌ನಲ್ಲಿರುವ ಗೆಳತಿಗೆ ಫೋನ್ ಮಾಡಿದೆ. ಆಕೆ ಮಂಗಳೂರಿನ ಕ್ಯಾಥೊಲಿಕ್ ಮನೆತನದವಳು. "ನಮ್ಮಲ್ಲೇನು ಪ್ರಾಣಿಗಳಿಗೆ ಬರವೇ ಮಾರಾಯ್ತಿ!" ಎಂದು ನಕ್ಕು ವಿವರಿಸಿದಳು. ಯೇಸು, ಕ್ರಿಸ್ತ, ದೇವರ, ಮಗ, ರಕ್ಷಕ ಎಂಬ ಐದು ಗ್ರೀಕ್ ಪದಗಳ ಮೊದಲಕ್ಷರ ಕೂಡಿಸಿದರೆ 'ಇಕ್ತುಸ್', ಅಂದರೆ ಮೀನು. ರೋಮಿನ ನೆಲದಡಿಯ ಹಳೆಯ ಸಮಾಧಿಗಳಲ್ಲೂ ಅದರ ಚಿತ್ರವಿದೆ. ಜೋರ್ಡನ್ ನದಿಯಲ್ಲಿ ಯೇಸುವಿಗೆ ದೀಕ್ಷಾಸ್ನಾನವಾದಾಗ ಪವಿತ್ರಾತ್ಮ ಇಳಿದುಬಂದದ್ದು ಪಾರಿವಾಳದ ರೂಪದಲ್ಲಿ. ಪಾಸ್ಕ ಹಬ್ಬದ ಬಲಿಯ ನೆನಪಿನಿಂದ ಯೇಸುವೇ 'ದೇವರ ಕುರಿಮರಿ'. ಬೈಬಲಿನ ಕೊನೆಯ ಪುಸ್ತಕದಲ್ಲಿ ಯೂದ ಕುಲದ ಸಿಂಹ ಗೆದ್ದಿದೆ ಎಂಬ ಮಾತು ಕೇಳಿ ಯೊಹಾನ ನೋಡಿದರೆ, ಕಂಡದ್ದು ಬಲಿಯಾದಂತಿದ್ದ ಕುರಿಮರಿ!

ನನಗೆ ಹಂಪೆಯಲ್ಲಿ ಕೃಷ್ಣದೇವರಾಯ 1528ರಲ್ಲಿ ಕೆತ್ತಿಸಿದ ನರಸಿಂಹ ನೆನಪಾದ. ನಮ್ಮ ದೇವರು ಸಿಂಹಮುಖ ತಾಳಿ ಕಂಬ ಒಡೆದು ಬಂದು ಪ್ರಹ್ಲಾದನನ್ನು ಕಾಯ್ದ. ಅವರ ದೇವರು ಕುರಿಮರಿಯಂತೆ ತಾನೇ ಬಲಿಯಾಗಿ ಕಾಯುತ್ತಾನೆ.

"ಆದರೆ ಒಂದು ವ್ಯತ್ಯಾಸ ಉಂಟು" ಎಂದಳು ಗೆಳತಿ. "ನಮಗೆ ಅದು ಗುರುತು ಮಾತ್ರ, ಕುರಿಮರಿಗೆ ಆರತಿ ಎತ್ತುವುದಿಲ್ಲ. ನೀವು ಮೂರ್ತಿಯಲ್ಲೇ ದೇವರನ್ನು ಆವಾಹಿಸುತ್ತೀರಿ."

ನಿಜ. ಎರಡೂ ಒಂದೇ ಎಂದು ಮಗನಿಗೆ ಸುಳ್ಳು ಹೇಳಲಾರೆ. ನಾವು ಪೂಜಿಸುವುದು ಆನೆಯನ್ನಲ್ಲ, ಆನೆಯ ಮುಖದಲ್ಲಿ ಕಾಣುವ ದೇವರನ್ನು ಎಂದು ಹೇಳಿದೆ. ಆ ಮೀನನ್ನು ನಾವೂ ಅಣಕಿಸಬಾರದು ಎಂದೂ ಹೇಳಿದೆ.

ಗಣಪ ಈಗ ಡ್ರಾಯರಿನಿಂದ ಮೇಜಿನ ಮೇಲಕ್ಕೆ ಬಂದಿದ್ದಾನೆ. ಬ್ಯಾಗಿಗೆ ಇನ್ನೂ ಹೋಗಿಲ್ಲ. ನಿಮ್ಮ ಮಕ್ಕಳಿಗೆ ಇಂಥ ಮಾತು ಎದುರಾದಾಗ ನೀವೇನು ಹೇಳಿದಿರಿ? ದಯವಿಟ್ಟು ಬರೆದು ತಿಳಿಸಿ.