ಆ ಕಡೆಯವರ ಮಾತು, ಈ ಕಡೆಯವರ ಕಿವಿ

ಬೆಂಗಳೂರಿನ ತರಕಾರಿ ಅಂಗಡಿಯಲ್ಲಿ ‘ಬದನಿಕಾಯಿ ಹ್ಯಾಂಗ್ರಿ?’ ಎಂದು ಕೇಳಿ ನೋಡಿ. ಅಂಗಡಿಯವನು ದರ ಹೇಳುವ ಮೊದಲೇ, ಪಕ್ಕದಲ್ಲಿ ಬೀನ್ಸ್ ಆರಿಸುತ್ತಿದ್ದವರು ತಲೆಯೆತ್ತಿ ‘ನೀವು ಹುಬ್ಳಿ ಕಡೆಯವ್ರಾ?’ ಎನ್ನುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಅವರ ಮಟ್ಟಿಗೆ ತುಂಗಭದ್ರೆಯ ಆಚೆಗಿರುವುದೆಲ್ಲ ಹುಬ್ಬಳ್ಳಿ ಕಡೆ. ಬೆಳಗಾವಿಯವರ ಮಾತಿಗೂ ರಾಯಚೂರಿನವರ ಮಾತಿಗೂ ಇರುವ ಅಂತರ ಧಾರವಾಡದವಳಾದ ನನಗೆ ಎರಡು ವಾಕ್ಯ ಕೇಳಿದರೆ ತಿಳಿಯುತ್ತದೆ. ಬೆಂಗಳೂರಿನ ಕಿವಿಗೆ ಎರಡೂ ಒಂದೇ ರಾಗ.

ನೌಕರಿ ಸಲುವಾಗಿ ಊರು ಬಿಟ್ಟು ಬಂದ ನನ್ನಂಥವರು ಈ ನಗರದಲ್ಲಿ ಬೇಕಾದಷ್ಟಿದ್ದೇವೆ. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗಿಗೆ ಬೆಂಗಳೂರು. ಪುಣೆಗೋ ದಿಲ್ಲಿಗೋ ಹೋಗುವವರು ಪರಭಾಷೆಯ ಊರೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡುತ್ತಾರೆ. ಬೆಂಗಳೂರಿಗೆ ಬರುವವರಿಗೆ ಆ ಸಿದ್ಧತೆ ಇರುವುದಿಲ್ಲ. ರಾಜ್ಯ ಅದೇ, ಲಿಪಿ ಅದೇ, ಶಾಲೆಯಲ್ಲಿ ಓದಿದ ಪುಸ್ತಕವೂ ಅದೇ. ಅಷ್ಟಾಗಿಯೂ ಬಾಯಿ ತೆರೆದೊಡನೆ ಹೊರಗಿನವರಾಗಿಬಿಟ್ಟರೆ, ಆ ನೋವು ಹೆಚ್ಚಿನದು.

ಈ ಅಂತರ ಸುಮ್ಮನೆ ಹುಟ್ಟಿದ್ದಲ್ಲ. 1956ರ ನವೆಂಬರ್ 1ರವರೆಗೆ ನಾವು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದವರು. ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈಗೆ ಸೇರಿದ್ದವು, ಕಲಬುರಗಿ, ಬೀದರ, ರಾಯಚೂರು ಹೈದರಾಬಾದಿಗೆ, ಮಂಗಳೂರು ಮದರಾಸಿಗೆ. ನಮ್ಮ ಕಡೆ ಕಚೇರಿಯಲ್ಲೂ ಸಂತೆಯಲ್ಲೂ ಮರಾಠಿ ಬೆರೆಯಿತು, ಕಲಬುರಗಿ ಕಡೆ ಉರ್ದು ಬೆರೆಯಿತು. ಇವನ್ನೆಲ್ಲ ಒಂದು ಮಾಡಬೇಕೆಂಬ ಹಂಬಲಕ್ಕೆ ನೀರೆರೆದದ್ದು ಧಾರವಾಡವೇ. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲೇ ಅಲ್ಲಿ ಹುಟ್ಟಿತು. ಆಲೂರು ವೆಂಕಟರಾಯರು ಏಕೀಕರಣಕ್ಕಾಗಿ ಜೀವ ತೇದರು. ನಕಾಶೆ ಒಂದಾಯಿತು. ಕಿವಿಗಳು ಒಂದಾಗುವ ಕೆಲಸ ಮಾತ್ರ ಸರಕಾರಿ ಆದೇಶದಿಂದ ಆಗುವಂಥದ್ದಲ್ಲ. ಅದು ಅಂಗಡಿಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯ ಬಾಗಿಲಲ್ಲಿ ದಿನವೂ ಆಗಬೇಕು.

ನಮ್ಮ ‘ರಿ’ಯನ್ನೇ ತೆಗೆದುಕೊಳ್ಳಿ. ‘ಬರ್ರಿ, ಕೂಡ್ರಿ, ಚಾ ತಗೋರಿ’ ಎನ್ನುವಾಗ ಆ ‘ರಿ’ಯಲ್ಲಿ ಇರುವುದು ಮರ್ಯಾದೆ. ಬೆಂಗಳೂರಿನಲ್ಲಿ ಯಾರಾದರೂ ‘ಏನ್ರೀ’ ಎಂದು ಎಳೆದರೆ ಜಗಳಕ್ಕೆ ನಿಂತರೆಂದೇ ಅರ್ಥ. ಜೊತೆಗೆ ನಮ್ಮದು ದೊಡ್ಡ ದನಿ. ಬಯಲುಸೀಮೆಯ ಹೊಲದ ಈ ತುದಿಯಿಂದ ಆ ತುದಿಗೆ ಕರೆದು ರೂಢಿಯಾದ ಮನೆತನಗಳಲ್ಲಿ ಪಿಸುಮಾತಿಗೆ ಬೆಲೆ ಕಡಿಮೆ. ಹೀಗಾಗಿ ಅತಿ ವಿನಯದಿಂದ ಆಡಿದ ಮಾತು ಇಲ್ಲಿ ಒರಟಾಗಿ ಕೇಳುತ್ತದೆ. ‘ನಿಧಾನ, ಯಾಕೆ ಕೂಗಾಡ್ತೀರಾ?’ ಎನ್ನಿಸಿಕೊಂಡ ನಮ್ಮವರು ಮರುದಿನದಿಂದ ದನಿ ತಗ್ಗಿಸುತ್ತಾರೆ, ‘ರಿ’ ಬಿಡುತ್ತಾರೆ, ‘ಭಾಳ’ ಹೋಗಿ ‘ತುಂಬಾ’ ಬರುತ್ತದೆ. ಅಷ್ಟಕ್ಕೆ ಹೊಂದಿಕೊಂಡಂತಾಯಿತೆಂದು ಎಲ್ಲರೂ ತಿಳಿಯುತ್ತಾರೆ.

ಆಗಿರುವುದಿಲ್ಲ. ಧಾಟಿ ಬದಲಿಸಿದವರು ಕಳೆದುಕೊಳ್ಳುವುದು ನಾಲ್ಕು ಶಬ್ದಗಳನ್ನಲ್ಲ, ತಮ್ಮ ಚುರುಕನ್ನು. ಊರಿನ ಕಟ್ಟೆಯ ಮೇಲೆ ಚ್ಯಾಷ್ಟಿ ನಡೆದಾಗ ಒಬ್ಬರ ಮಾತು ನೆಲಕ್ಕೆ ಬೀಳುವ ಮೊದಲೇ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಅದೇ ಮಾತನ್ನು ಮನಸ್ಸಿನಲ್ಲಿ ಬೆಂಗಳೂರಿನ ಧಾಟಿಗೆ ತಿರುಗಿಸಿ ಆಡಹೋದರೆ ಒಂದು ಗಳಿಗೆ ತಡವಾಗುತ್ತದೆ, ಆ ಗಳಿಗೆಯಲ್ಲಿ ನಗೆ ಆರಿಹೋಗುತ್ತದೆ. ಹೊಸ ಧಾಟಿಯಲ್ಲಿ ವಿಳಾಸ ಕೇಳಬಹುದು, ರಜೆ ಕೇಳಬಹುದು, ಬಾಡಿಗೆಯ ಕರಾರು ಮಾಡಬಹುದು. ನಗಿಸುವುದಕ್ಕೆ ಆಗುವುದಿಲ್ಲ. ನಗಿಸಲಾಗದ ಕಡೆ ಗೆಳೆತನ ಬೇರು ಬಿಡುವುದು ಬಹಳ ಕಷ್ಟ.

ನಮ್ಮ ಕಚೇರಿಗೆ ಬಾಗಲಕೋಟೆ ಕಡೆಯ ಹುಡುಗನೊಬ್ಬ ಬಂದ. ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತರೆ ಅವನ ಮಾತು ‘ಹೌದು’, ‘ಇಲ್ಲ’ದಲ್ಲಿ ಮುಗಿಯುತ್ತಿತ್ತು. ತೀರ ಸಂಕೋಚದವನೆಂದು ಎಲ್ಲರೂ ತೀರ್ಮಾನಿಸಿದ್ದರು. ಒಂದು ದಿನ ಊಟದ ನಡುವೆ ಅವನ ಅವ್ವನ ಫೋನು ಬಂತು. ‘ಯವ್ವಾ, ಆ ಎಮ್ಮಿ ಮತ್ತ ಅವರ ಹಿತ್ತಲದಾಗ ಹೊಕ್ಕತೇನ? ಅದಕ್ಕ ಅವರ ಮನಿನ ಚಲೋ ಅನಸೇತಿ ತಗೋ, ಅಲ್ಲೇ ಇರಲಿ ಬಿಡು!’ ಎಂದು ಅವನು ಹರಿಬಿಟ್ಟಾಗ ಮೇಜಿನ ಸುತ್ತ ಇದ್ದವರೆಲ್ಲ ಕೈಯಲ್ಲಿನ ತುತ್ತು ಹಾಗೇ ಹಿಡಿದು ಕೇಳಿದರು. ಫೋನು ಇಟ್ಟ ಮೇಲೆ ಒಬ್ಬ ನಕ್ಕು, ‘ಅದೇ ಥರ ಇನ್ನೊಂದ್ಸಲ ಮಾತಾಡಿ’ ಎಂದ. ಹುಡುಗ ಮತ್ತೆ ತಟ್ಟೆಗೆ ಮುಖ ಹಾಕಿದ. ಆಗ ಮೈಸೂರಿನವರಾದ ಹಿರಿಯರೊಬ್ಬರು, ‘ಅದಿರಲಿ ಕಣಪ್ಪಾ, ಎಮ್ಮೆ ಏನಾಯ್ತು ಹೇಳು’ ಎಂದರು. ಅವನು ಹೇಳಿದ, ತನ್ನದೇ ಮಾತಿನಲ್ಲಿ, ಎಮ್ಮೆಯ ವಂಶಾವಳಿ ಸಮೇತ. ಅಂದಿನ ನಗೆ ಎಮ್ಮೆಯ ಕಥೆಗೆ ಬಂದ ನಗೆ, ಅವನ ಧಾಟಿಗೆ ಬಂದದ್ದಲ್ಲ. ಆಮೇಲೆ ಆ ಮೇಜಿನ ಕಥೆಗಾರ ಅವನೇ ಆದ. ಹೊಸಬರನ್ನು ಒಳಗೆ ಕರೆದುಕೊಳ್ಳುವುದೆಂದರೆ ಆ ಹಿರಿಯರು ಮಾಡಿದಷ್ಟೇ: ಮಾತಿನ ರಾಗ ಬಿಟ್ಟು ಮಾತಿನ ವಿಷಯಕ್ಕೆ ಕಿವಿಕೊಡುವುದು.

ಕನ್ನಡದ ಕಿವಿಗೆ ಈ ಶಕ್ತಿ ಇಲ್ಲವೆಂದು ನಾನು ಯಾವತ್ತೂ ಒಪ್ಪುವುದಿಲ್ಲ. ಮನೆಯಲ್ಲಿ ಮರಾಠಿ ಆಡುತ್ತಿದ್ದ ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲಿ ಬರೆದರು. ಇಡೀ ನಾಡು ಅವರನ್ನು ವರಕವಿ ಎಂದಿತು. ಕಂಬಾರರು ಬೆಳಗಾವಿ ಸೀಮೆಯ ಮಾತನ್ನು ರಂಗಕ್ಕೆ ತಂದರು. ಅವರ ‘ಕಾಡು ಕುದುರೆ’ಯ ಹಾಡು ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು ಮಲೆನಾಡಿನ ಶಿವಮೊಗ್ಗ ಸುಬ್ಬಣ್ಣ. ಶಿಶುನಾಳ ಷರೀಫರ ತತ್ತ್ವಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದ್ದು ಸಿ. ಅಶ್ವಥ್ ಅವರ ಕಂಠ. 1997ರಲ್ಲಿ ನಾಗಾಭರಣ ‘ನಾಗಮಂಡಲ’ ಚಿತ್ರವನ್ನು ನಮ್ಮ ಕಡೆಯ ಮಾತಿನಲ್ಲೇ ತೆಗೆದರು. ಎಷ್ಟೋ ಸಿನಿಮಾಗಳಲ್ಲಿ ಬರೀ ನಗಿಸಲು ಬರುತ್ತಿದ್ದ ಆ ಮಾತು ಅಲ್ಲಿ ಒಬ್ಬ ಹೆಣ್ಣಿನ ಒಳಗುದಿಯನ್ನು ಹೇಳಿತು. ಹಾಡಿನಲ್ಲಿ ಕಣ್ಣು ಒದ್ದೆ ಮಾಡುವ ಮಾತನ್ನು ತರಕಾರಿ ಅಂಗಡಿಯಲ್ಲೂ ಪ್ರೀತಿಯಿಂದ ಕೇಳಲು ಸಾಧ್ಯ.

ಮಾತಿನಿಂದಲೇ ಹೊರಗಿನವರಾಗುವುದು ನಮ್ಮೊಬ್ಬರ ಸಂಕಟವೂ ಅಲ್ಲ. ಮಂಗಳೂರಿನ ಹುಡುಗಿ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿ, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ‘ಎಂತ ಮಾಡುವುದು ಮಾರಾಯ್ರೆ’ ಎಂದರೆ ಬೆಂಗಳೂರು ಅವಳನ್ನೂ ನಿಲ್ಲಿಸಿ ನೋಡುತ್ತದೆ. ಚಾಮರಾಜನಗರದ ತರುಣನ ಮಾತಿಗೆ ಹಳ್ಳಿಯವನೆಂಬ ಮುದ್ರೆ ಬೀಳುತ್ತದೆ. ಇನ್ನು ಮೈಸೂರಿನ ಕಡೆಯಿಂದ ಯಾದಗಿರಿಗೋ ವಿಜಯಪುರಕ್ಕೋ ವರ್ಗವಾಗಿ ಹೋದ ಶಿಕ್ಷಕಿಯ ಮಾತಿಗೆ ನಮ್ಮವರೂ ‘ಟೀಚರ್ ಸಿನಿಮಾದಾಗಿನವರ ಹಾಂಗ ಮಾತಾಡ್ತಾರ’ ಎಂದು ನಗುವುದುಂಟು. ಆ ತಾಯಿಗೂ ಸಂಜೆ ಒಬ್ಬಳೇ ಕೂತಾಗ ಅಷ್ಟೇ ನೋವಾಗುತ್ತದೆ. ಕಿವಿ ಪಳಗಬೇಕಾದದ್ದು ಎರಡೂ ಕಡೆ.

ಹೊಸದಾಗಿ ಬಂದವರಿಗೆ ನನ್ನ ಸಲಹೆ ಸರಳ. ವೇಗ ತುಸು ತಗ್ಗಿಸಿ, ಧಾಟಿ ಬಿಡಬೇಡಿ. ಕೈಗೆ ಕೆಲಸ ಇರುವ ಕೂಟಗಳಿಗೆ ಸೇರಿ: ಬೀದಿಯ ಗಣೇಶೋತ್ಸವ, ವಠಾರದ ರಾಜ್ಯೋತ್ಸವ, ಭಾನುವಾರದ ಕ್ರಿಕೆಟ್. ಕುರ್ಚಿ ಹೊರುವಾಗ, ಪೆಂಡಾಲು ಕಟ್ಟುವಾಗ ಯಾರೂ ಯಾರ ಉಚ್ಚಾರ ನೋಡುವುದಿಲ್ಲ. ಕೆಲಸ ಮುಗಿಯುವಷ್ಟರಲ್ಲಿ ಕಿವಿಗೆ ರೂಢಿಯಾಗಿರುತ್ತದೆ. ವಾರಕ್ಕೊಮ್ಮೆ ನಮ್ಮ ಕಡೆಯ ಖಾನಾವಳಿಗೆ ಹೋಗಿ. ಎಣಗಾಯಿ, ಝುಣಕ, ಶೇಂಗಾ ಹಿಂಡಿಯ ಜೊತೆ ‘ಇನ್ನೊಂದು ರೊಟ್ಟಿ ಹಾಕ್ಲೇನ್ರಿ, ಬಿಸಿ ಅದಾವ’ ಎಂಬ ಮಾತು ಕಿವಿಗೆ ಬಿದ್ದರೆ ನಾಲಗೆ ಮತ್ತೆ ಸಡಿಲಾಗುತ್ತದೆ. ಬೆಂಗಳೂರಿನ ಗೆಳೆಯರೊಬ್ಬರನ್ನೂ ಕರೆದೊಯ್ಯಿರಿ.

ಮಕ್ಕಳ ಬಗ್ಗೆ ಚಿಂತೆ ಬೇಡ. ನನ್ನ ಮಗ ಗೆಳೆಯರೊಡನೆ ‘ಬಾರೋ ಮಗಾ’ ಎನ್ನುತ್ತಲೇ ಧಾರವಾಡದ ಅಜ್ಜಿಯ ಫೋನು ಎತ್ತಿ ‘ಆಯಿ, ಊಟ ಆತೇನ?’ ಎನ್ನುತ್ತಾನೆ. ಎರಡೂ ಅವನವೇ. ಮನೆಯಲ್ಲಿ ಆ ಮಾತು ನಿಲ್ಲದೆ ನಡೆದರೆ ಸಾಕು.

ಈ ಊರಿನಲ್ಲಿ ಮೊದಲಿನಿಂದ ಇರುವವರಿಗೂ ಒಂದು ಕೋರಿಕೆ. ನಿಮ್ಮ ಕಚೇರಿಯಲ್ಲಿ, ಓಣಿಯಲ್ಲಿ, ಕಾಲೇಜಿನಲ್ಲಿ ಆ ಕಡೆಯಿಂದ ಬಂದವರೊಬ್ಬರು ಇದ್ದೇ ಇರುತ್ತಾರೆ, ಬಹುಶಃ ಮೌನವಾಗಿ. ಅವರ ಊರಿನ ಸುದ್ದಿ ಕೇಳಿ, ಮಳೆ ಆಯಿತೇ ಎಂದು ಕೇಳಿ, ಅವರು ಹೇಳುವಾಗ ನಡುವೆ ತಿದ್ದಬೇಡಿ. ಕರ್ನಾಟಕ ಒಂದಾಗಬೇಕೆಂದು ಹಿರಿಯರು ಅಷ್ಟು ವರ್ಷ ಹೋರಾಡಿದ್ದು ನಾವೆಲ್ಲ ಒಂದೇ ಥರ ಮಾತಾಡಲಿ ಎಂದಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ಪರಕೀಯ ಆಗದಿರಲಿ ಎಂದು.