ವಿಕ್ಸ್‌ಬರ್ಗಿನ ಹಳದಿ ಮಣ್ಣು

ವಿಕ್ಸ್‌ಬರ್ಗಿನ ಗುಡ್ಡಗಳು ಗಾಳಿ ತಂದು ಸುರಿದವು. ಹಿಮಯುಗದ ಕಾಲದಲ್ಲಿ ಮಿಸಿಸಿಪ್ಪಿ ಬಯಲಿನ ಧೂಳೆಲ್ಲ ಎದ್ದು ಬಂದು ನದಿಯ ಪೂರ್ವ ದಂಡೆಯಲ್ಲಿ ರಾಶಿಬಿದ್ದು ಹೀಗೆ ದಿಣ್ಣೆಗಳಾದವಂತೆ. ರಸ್ತೆಗಾಗಿ ಕಡಿದ ಒಂದು ಕಡೆ ಮುಟ್ಟಿ ನೋಡಿದೆ. ಹುರಿಹಿಟ್ಟಿನಂತೆ ಬೆರಳಿಗೆ ಅಂಟುತ್ತದೆ. ಊದಿದರೆ ಹಾರಿಹೋಗುವಂಥ ಈ ಮಣ್ಣನ್ನು ನೇರಕ್ಕೆ ಕಡಿದರೆ ಮಾತ್ರ ಕುಸಿಯದೆ ನೆಟ್ಟಗೆ ನಿಲ್ಲುತ್ತದೆ!

ಅಮೆರಿಕದ ಅಂತರ್ಯುದ್ಧದ ನಡುವೆ, 1863ರಲ್ಲಿ, ಈ ದಿಣ್ಣೆಗಳ ಮೇಲೆ ಬಂಡೆದ್ದ ದಕ್ಷಿಣ ರಾಜ್ಯಗಳ ಫಿರಂಗಿಗಳಿದ್ದವು. ಕೆಳಗೆ ನದಿ ಗಕ್ಕನೆ ಹಿಂದಕ್ಕೆ ಹೊರಳುತ್ತಿತ್ತು. ಆ ತಿರುವಿನಲ್ಲಿ ಯಾವ ಹಡಗಾದರೂ ನಿಧಾನಿಸಲೇಬೇಕು, ನಿಧಾನಿಸಿದರೆ ಗುಂಡು ತಿನ್ನಲೇಬೇಕು. ನದಿಯಾಚೆಯ ಟೆಕ್ಸಾಸ್, ಅರ್ಕನ್ಸಾ, ಲೂಯಿಸಿಯಾನಾಗಳಿಂದ ದನ, ಉಪ್ಪು, ಜನ ಪೂರ್ವಕ್ಕೆ ದಾಟುತ್ತಿದ್ದದ್ದು ಈ ಊರಿಗೂ ದಕ್ಷಿಣದ ಪೋರ್ಟ್ ಹಡ್ಸನ್‌ಗೂ ನಡುವಿನ ಪಟ್ಟಿಯಲ್ಲಿ.

ಊರು ಹಿಡಿಯಲು ಬಂದ ಉತ್ತರದ ಜನರಲ್ ಗ್ರಾಂಟ್ ಚಳಿಗಾಲವಿಡೀ ಜೌಗಿನಲ್ಲಿ ದಾರಿ ಹುಡುಕಿ ಸೋತ. ಏಪ್ರಿಲ್ 16ರ ರಾತ್ರಿ ನೌಕಾಪಡೆಯ ಪೋರ್ಟರ್ ತನ್ನ ಹಡಗುಗಳನ್ನು ಫಿರಂಗಿಗಳ ಮೂತಿಯ ಕೆಳಗೇ ಹಾಯಿಸಿದ. ಗುರಿ ಕಾಣಲೆಂದು ದಕ್ಷಿಣದವರು ಎದುರು ದಂಡೆಯ ಮನೆಗಳಿಗೇ ಬೆಂಕಿಯಿಟ್ಟರು. ಆದರೂ ಮುಳುಗಿದ್ದು ಒಂದು ಸಾಗಣೆ ಹಡಗು ಮಾತ್ರ. ಪಶ್ಚಿಮ ದಂಡೆಯಲ್ಲೇ ಕಾಲ್ನಡಿಗೆಯಲ್ಲಿ ಇಳಿದುಬಂದ ಸೈನ್ಯ ಆ ಹಡಗುಗಳಲ್ಲೇ ಏಪ್ರಿಲ್ 30ರಂದು ಬ್ರೂಯಿನ್ಸ್‌ಬರ್ಗ್ ಬಳಿ ಈಚೆಗೆ ದಾಟಿತು.

ಮುಂದಿನದ್ದೇ ಬೆರಗು. ನೆಟ್ಟಗೆ ವಿಕ್ಸ್‌ಬರ್ಗಿಗೆ ಬರುವುದು ಬಿಟ್ಟು ಗ್ರಾಂಟ್ ಈಶಾನ್ಯಕ್ಕೆ ಹೊರಟ. ದಾರಿಯ ಹೊಲಮನೆಗಳಲ್ಲಿ ಸಿಕ್ಕಿದ್ದನ್ನು ತಿನ್ನುತ್ತ ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜ್ಯಾಕ್ಸನ್ ಹಿಡಿದು, ಆಮೇಲೆ ಪಶ್ಚಿಮಕ್ಕೆ ತಿರುಗಿದ. 17 ದಿನಗಳಲ್ಲಿ ಐದು ಕಾಳಗ, ಐದರಲ್ಲೂ ಗೆಲುವು. ಅಂತರ್ಯುದ್ಧ ಎಂದರೆ ಎಲ್ಲರ ಬಾಯಲ್ಲೂ ಗೆಟಿಸ್‌ಬರ್ಗ್ ಕಾಳಗ. ನನ್ನನ್ನು ಕೇಳಿದರೆ, ಯುದ್ಧದ ದಿಕ್ಕು ಬದಲಾದದ್ದು ಈ ಸುತ್ತುದಾರಿಯಲ್ಲಿ.

ಊರಿಗೆ ಬಂದಾಗ ಮಾತ್ರ ಮಣ್ಣು ಅಡ್ಡ ನಿಂತಿತು. ಮೇ 19 ಮತ್ತು 22ರಂದು ಏರಿಹೋದವರು ಆ ಕಡಿದಾದ ಇಳಿಜಾರುಗಳಲ್ಲೇ ಸತ್ತರು. ಇನ್ನು ಉಳಿದದ್ದು ಮುತ್ತಿಗೆ. ಒಳಗಿನ ಜನ ಅದೇ ಮಣ್ಣಿನಲ್ಲಿ ಗವಿ ತೋಡಿ, ಕಂಬಳಿ ಹಾಸಿ, ಮಂಚ ಇಳಿಸಿ ಸಂಸಾರ ಹೂಡಿದರು. ಹೇಸರಗತ್ತೆಯ ಮಾಂಸ ತಿಂದರು. ಕಾಗದ ಮುಗಿದಾಗ ಊರಿನ ಪತ್ರಿಕೆ ಗೋಡೆಗೆ ಹಚ್ಚುವ ಹೂಬಳ್ಳಿಯ ಕಾಗದದ ಬೆನ್ನಿಗೆ ಅಚ್ಚಾಯಿತು. ಹೊರಗಿನವರು ಸುರಂಗ ಕೊರೆದು ಜೂನ್ 25ರಂದು ಸುಮಾರು ಸಾವಿರ ಕಿಲೋ ಮದ್ದು ಸಿಡಿಸಿ ಒಂದು ಕೊತ್ತಳವನ್ನೇ ಹಾರಿಸಿದರು. ಅಷ್ಟಾದರೂ ಒಳನುಗ್ಗಲಾಗಲಿಲ್ಲ. ಕೊನೆಗೆ ಗೆದ್ದದ್ದು ಹಸಿವು. ಜುಲೈ 4ರಂದು ದಕ್ಷಿಣದ ಜನರಲ್ ಪೆಂಬರ್ಟನ್ ಸುಮಾರು 29,000 ಸೈನಿಕರೊಂದಿಗೆ ಶರಣಾದ. ಐದೇ ದಿನಕ್ಕೆ ಪೋರ್ಟ್ ಹಡ್ಸನ್ ಕೂಡ ಬಿತ್ತು. ದಕ್ಷಿಣ ಎರಡು ಹೋಳಾಯಿತು.

ಆ ರಣರಂಗದಲ್ಲೀಗ ಇರುವ ಇಲಿನಾಯ್ ರಾಜ್ಯದ ಸ್ಮಾರಕಕ್ಕೆ 47 ಮೆಟ್ಟಿಲು, ಮುತ್ತಿಗೆಯ ದಿನಕ್ಕೊಂದು. ಏದುಸಿರು ಬಿಡುತ್ತ ಹತ್ತಿದೆ, ಮಿಸಿಸಿಪ್ಪಿಯ ಸೆಕೆ ಅಂಥದ್ದು. ಗುಮ್ಮಟದ ನೆತ್ತಿ ತೆರೆದೇ ಇದೆ. ಗೋಡೆಯ ತುಂಬ ಕಂಚಿನ ಹಲಗೆಗಳು, ಆ ರಾಜ್ಯದ ಮೂವತ್ತಾರು ಸಾವಿರ ಚಿಲ್ಲರೆ ಸೈನಿಕರ ಹೆಸರು.

ಸೇತುವೆ ದಾಟಿ ಲೂಯಿಸಿಯಾನಾ ಕಡೆಗೆ ಹೋದರೆ ಹುಲ್ಲು ಮುಚ್ಚಿದ ಒಂದು ಹಳ್ಳದ ಗುರುತಿದೆ. ಹಡಗುಗಳು ಫಿರಂಗಿಗಳಿಗೆ ಸಿಗದೆ ಹೋಗಲೆಂದು ನದಿಯ ತಿರುವನ್ನೇ ಕತ್ತರಿಸಹೊರಟ ಕಾಲುವೆ ಇದು. 1862ರ ಬೇಸಿಗೆಯಲ್ಲಿ ಉತ್ತರದವರು ತೋಟಗಳಿಂದ ಹಿಡಿದುತಂದ ಗುಲಾಮರ ಕೈಯಲ್ಲೂ ಸೈನಿಕರ ಕೈಯಲ್ಲೂ ಅಗೆಸಿದರು. ಜ್ವರಕ್ಕೆ ಎಷ್ಟೋ ಜನ ಸತ್ತರು, ನೀರು ಹರಿಯಲಿಲ್ಲ. ಮರುವರ್ಷ ಗ್ರಾಂಟ್ ಮತ್ತೆ ಅಗೆಸಿದ. ಮಾರ್ಚಿನಲ್ಲಿ ನೆರೆ ಬಂದು ಒಡ್ಡು ಒಡೆಯಿತು. ಯುದ್ಧವೆಲ್ಲ ಮುಗಿದು 1876ರ ಏಪ್ರಿಲ್ ಬಂದಾಗ ನದಿ ತಾನಾಗಿಯೇ ಆ ತಿರುವಿನ ಭೂಶಿರವನ್ನು ಸೀಳಿಕೊಂಡು ಹೊಸ ದಾರಿ ಹಿಡಿಯಿತು. ಬಂದರಿಗೆ ನೀರಿಲ್ಲದಾಯಿತು. ಇವತ್ತು ಊರಿನ ದಂಡೆಗೆ ತಾಗಿ ಹರಿಯುವುದು ಯಾಝೂ ನದಿ. 1903ರಲ್ಲಿ ಸೇನೆಯ ಎಂಜಿನಿಯರುಗಳೇ ಕಾಲುವೆ ತೋಡಿ ಅದನ್ನು ಇಲ್ಲಿಗೆ ತಿರುಗಿಸಿದರು. ಆ ಕಾಲುವೆ ಕೆಲಸ ಮಾಡುತ್ತಿದೆ.