ಬೆಳ್ಳುಳ್ಳಿ, ಮಾತ್ರೆ ಮತ್ತು ತವಕ್ಕುಲ್

ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 61ನೇ ಸೂಕ್ತದಲ್ಲಿ ಬನೀ ಇಸ್ರಾಈಲರು ಪ್ರವಾದಿ ಮೂಸಾ(ಅ)ರೊಡನೆ ಭೂಮಿಯ ಬೆಳೆಗಳನ್ನು ಬೇಡಿದ ಪ್ರಸಂಗವಿದೆ. ಅಲ್ಲಿ ಬರುವ ‘ಫೂಮ್’ ಎಂಬ ಪದಕ್ಕೆ ಕೆಲವು ವ್ಯಾಖ್ಯಾನಕಾರರು ಗೋಧಿಯೆಂದೂ ಕೆಲವರು ಬೆಳ್ಳುಳ್ಳಿಯೆಂದೂ ಅರ್ಥ ಹೇಳಿದ್ದಾರೆ. ಬೆಳ್ಳುಳ್ಳಿ ತಿಂದವರು ಮಸೀದಿಯಿಂದ ದೂರವಿರಬೇಕೆಂದು ಪ್ರವಾದಿ(ಸ)ರು ಸೂಚಿಸಿದ್ದು ಅದರ ವಾಸನೆಯ ಕಾರಣಕ್ಕೆ. ಅದು ನಿಷಿದ್ಧವಲ್ಲವೆಂದೂ ಅವರೇ ಸ್ಪಷ್ಟಪಡಿಸಿದ್ದಾರೆ. ನಮ್ಮ ಪಾಲಿಗೆ ಅದೊಂದು ಒಳ್ಳೆಯ ಆಹಾರ.

ಆದರೆ ದರ್ಸ್‌ಗಾಗಿ ನಾವು ಬಳ್ಳಾರಿಯಿಂದ ಸಿರುಗುಪ್ಪಕ್ಕೂ ಕುರುಗೋಡಿಗೂ ಹೋದಾಗಲೆಲ್ಲ ಹಿರಿಯರು ಕೇಳುವ ಪ್ರಶ್ನೆ ಬೇರೆ: “ಮೌಲಾನಾ, ಬೆಳಗ್ಗೆ ಎರಡು ಎಸಳು ಹಸಿ ಬೆಳ್ಳುಳ್ಳಿ ತಿಂದರೆ ಕೊಲೆಸ್ಟ್ರಾಲ್ ಇಳಿಯುತ್ತದಂತೆ, ಹೌದೇನ್ರಿ?” ಸಿರುಗುಪ್ಪದ ಭತ್ತದ ರೈತರೊಬ್ಬರು ಹೃದಯಾಘಾತದಿಂದ ಬದುಕಿ ಬಂದವರು. ಮೂರು ತಿಂಗಳಿಂದ ಮಾತ್ರೆ ಬಿಟ್ಟಿದ್ದರು. “ಮಾತ್ರೆ ಮನುಷ್ಯ ಮಾಡಿದ್ದು, ಬೆಳ್ಳುಳ್ಳಿ ಅಲ್ಲಾಹ್ ಕೊಟ್ಟಿದ್ದು” ಎಂಬುದು ಅವರ ವಾದ. ಇದನ್ನು ಅವರು ಈಮಾನ್ ಎಂದು ನಂಬಿದ್ದರು. ಅದಕ್ಕೇ ನಾವು ಸುಮ್ಮನಿರುವಂತಿರಲಿಲ್ಲ.

ಬೆಳ್ಳುಳ್ಳಿಯ ಗುಣ ಸುಳ್ಳಲ್ಲ. ಎಸಳನ್ನು ಜಜ್ಜಿದಾಗ ಅದರೊಳಗಿನ ಆಲಿಯಿನ್ ಎಂಬ ವಸ್ತು ಆಲಿನೇಸ್ ಎಂಬ ಕಿಣ್ವದೊಡನೆ ಸೇರಿ ಆಲಿಸಿನ್ ಆಗುತ್ತದೆ, ಘಾಟು ಅದರದೇ. ಜಜ್ಜದೆ ನೇರವಾಗಿ ಕಾದ ಎಣ್ಣೆಗೆ ಹಾಕಿದರೆ ಶಾಖಕ್ಕೆ ಕಿಣ್ವವು ನಾಶವಾಗಿ ಆಲಿಸಿನ್ ಹೆಚ್ಚು ಹುಟ್ಟುವುದಿಲ್ಲ. ಬೆಳ್ಳುಳ್ಳಿಯ ಗಂಧಕಯುಕ್ತ ವಸ್ತುಗಳು ಯಕೃತ್ತಿನ ಜೀವಕೋಶಗಳಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸುವುದು ಪ್ರಯೋಗಶಾಲೆಯಲ್ಲಿ ಕಂಡಿದೆ. ಆದರೆ ಪ್ರಯೋಗಶಾಲೆಯ ಗಾಜಿನ ತಟ್ಟೆ ಬೇರೆ, ಮನುಷ್ಯನ ದೇಹ ಬೇರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 192 ಜನರ ಮೇಲೆ ಆರು ತಿಂಗಳು ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹಸಿ ಬೆಳ್ಳುಳ್ಳಿಯಾಗಲಿ, ಅದರ ಗುಳಿಗೆಗಳಾಗಲಿ ಕೆಟ್ಟ ಕೊಲೆಸ್ಟ್ರಾಲನ್ನು ಗಮನಾರ್ಹವಾಗಿ ಇಳಿಸಲಿಲ್ಲ. ಬೇರೆ ಕೆಲವು ಅಧ್ಯಯನಗಳಲ್ಲಿ ತುಸು ಇಳಿಕೆ ಕಂಡಿದ್ದರೂ ಅದು ವೈದ್ಯರು ಕೊಡುವ ಸ್ಟ್ಯಾಟಿನ್ ಮಾತ್ರೆಗೆ ಸಮನಾಗದು.

ಇನ್ನು ಮಾತ್ರೆ ಎಲ್ಲಿಂದ ಬಂತು? 1970ರ ದಶಕದಲ್ಲಿ ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಅವರು ಸಾವಿರಾರು ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ ಮೊದಲ ಸ್ಟ್ಯಾಟಿನ್ ಕಂಡುಕೊಂಡರು. ಆ ಬೂಷ್ಟು ದೊರೆತದ್ದು ಕ್ಯೋಟೊ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿ! ಇದನ್ನು ಹೇಳಿದಾಗ ಆ ರೈತರು ಬಹಳ ಹೊತ್ತು ಮಾತಾಡಲಿಲ್ಲ. ಜೀವಮಾನವಿಡೀ ಅಕ್ಕಿ ಬೆಳೆದವರು ಅವರು. ಬೆಳ್ಳುಳ್ಳಿಯಲ್ಲಿ ಗುಣವಿಟ್ಟವನೇ ಅಕ್ಕಿಯ ಬೂಷ್ಟಿನಲ್ಲೂ ಗುಣವಿಟ್ಟಿದ್ದಾನೆ. ಮನುಷ್ಯ ಹುಡುಕಿದ್ದಾನೆ, ಅಷ್ಟೆ. ಮುಂದಿನ ವಾರ ಮಗನೊಡನೆ ಬಳ್ಳಾರಿಗೆ ಬಂದು ರಕ್ತ ಪರೀಕ್ಷೆ ಮಾಡಿಸಿದರು. ಕೆಟ್ಟ ಕೊಲೆಸ್ಟ್ರಾಲ್ ಮತ್ತೆ ಏರಿತ್ತು. ವೈದ್ಯರ ಸಲಹೆಯಂತೆ ಮಾತ್ರೆ ಪುನಃ ಆರಂಭವಾಯಿತು. ಬೆಳ್ಳುಳ್ಳಿ ಚಟ್ನಿಯನ್ನು ಯಾರೂ ಬೇಡವೆನ್ನಲಿಲ್ಲ.

ಓದುಗರು ಇನ್ನೊಂದನ್ನು ಗಮನಿಸಬೇಕು. ಬೆಳ್ಳುಳ್ಳಿ ಹೆಚ್ಚಾದರೆ ರಕ್ತ ಹೆಪ್ಪುಗಟ್ಟುವುದು ತಡವಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಶಸ್ತ್ರಚಿಕಿತ್ಸೆಗೆ ಹೋಗುವವರು ಅದನ್ನು ಔಷಧಿಯಂತೆ ತಿನ್ನುತ್ತಿದ್ದರೆ ವೈದ್ಯರಿಗೆ ತಿಳಿಸಲಿ.

ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ)ರು ಕಲಿಸಿದರು. ಪ್ರತಿಯೊಂದು ರೋಗಕ್ಕೂ ಮದ್ದಿದೆಯೆಂದು ತಿಳಿಸಿ, ಚಿಕಿತ್ಸೆ ಪಡೆಯಲು ಹೇಳಿದರು. ಈ ದೇಹ ನಮ್ಮ ಬಳಿಯಿರುವ ಅಮಾನತ್ತು. ಮದ್ದನ್ನು ಬಿಸ್ಮಿಲ್ಲಾ ಎಂದು ನುಂಗುವುದೂ ತವಕ್ಕುಲ್‌ನ ಭಾಗವೇ. ಅಲ್ಲಾಹನು ನಮ್ಮ ಹಿರಿಯರಿಗೆ ಆರೋಗ್ಯವನ್ನೂ ನಮಗೆಲ್ಲ ವಿವೇಕವನ್ನೂ ದಯಪಾಲಿಸಲಿ. ಆಮೀನ್.